ಹೈಸ್ಕೂಲ್ ಮಕ್ಕಳ ನೆಮ್ಮದಿ ಮತ್ತು ಅಂಕ: ಜೂನ್‌ನಿಂದ ಫಲಿತಾಂಶದ ದಿನದವರೆಗೆ ಹೆಜ್ಜೆ ಹೆಜ್ಜೆಯಾಗಿ

ಸರ್ಕಾರಿ ಹೈಸ್ಕೂಲಿನ ಎಚ್‌ಎಂ ಕೋಣೆಯ ಬೀರು ತೆಗೆದರೆ ಎರಡು ಫೈಲು ಸಿಗುತ್ತವೆ. ಒಂದರ ಮೇಲೆ ‘ಎಸ್‌ಎಸ್‌ಎಲ್‌ಸಿ ಫಲಿತಾಂಶ ಸುಧಾರಣೆ: ಕ್ರಿಯಾಯೋಜನೆ’ ಎಂದಿರುತ್ತದೆ. ಇನ್ನೊಂದು ‘ಮಕ್ಕಳ ಆರೋಗ್ಯ ಮತ್ತು ಸುರಕ್ಷತೆ’. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರು ಬಂದಾಗಲೆಲ್ಲ ಮೊದಲನೆಯದು ಮೇಜಿನ ಮೇಲೆ ಬರುತ್ತದೆ, ಎರಡನೆಯದು ಧೂಳು ತಿನ್ನುತ್ತ ಕೂರುತ್ತದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಗಣಿತ ಪಾಠ ಮಾಡಿದ ಮೇಲೆ ನನಗೆ ತಿಳಿದದ್ದು ಇಷ್ಟೇ: ಎರಡೂ ಫೈಲಿನಲ್ಲಿರುವುದು ಅದೇ ಮಕ್ಕಳ ಹೆಸರು. ಗಣಿತದಲ್ಲಿ ಫೇಲಾಗುವ ಹುಡುಗ, ಬೆಳಿಗ್ಗೆ ಬರೀ ಚಹಾ ಕುಡಿದು ಬರುವ ಹುಡುಗ, ಗುರುವಾರದ ಸಂತೆಯ ದಿನ ಶಾಲೆಗೆ ಬಾರದ ಹುಡುಗ ಬಹಳ ಸಲ ಒಬ್ಬನೇ ಆಗಿರುತ್ತಾನೆ. ನಾವು ಅವನನ್ನು ಮೂರು ಕಡೆ ಮೂರು ಸಲ ಬೈಯುತ್ತೇವೆ.

ಮುಂದಿನದು 8ರಿಂದ 10ನೇ ತರಗತಿಯ ಶಿಕ್ಷಕರಿಗೆ, ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ)ಯವರಿಗೆ ಬರೆದದ್ದು. ನನ್ನ ಅನುಭವ ಉತ್ತರ ಕರ್ನಾಟಕದ ಹಳ್ಳಿ ಶಾಲೆಯದು. ಬೆಂಗಳೂರಿನವರಿಗೆ ಗುಳೆ, ಹತ್ತಿ ಹೊಲದ ಮಾತು ಹೊಂದಲಿಕ್ಕಿಲ್ಲ, ಉಳಿದದ್ದು ಹೊಂದುತ್ತದೆ.

ಜೂನ್, ಮೊದಲ ವಾರ: ಒಂದು ಮಗುವಿಗೆ ಒಂದು ಪುಟ

200 ಪುಟದ ಒಂದು ನೋಟ್‌ಬುಕ್ ತನ್ನಿ. ಇದು ಹಾಜರಿ ಪುಸ್ತಕವೂ ಅಲ್ಲ, ಇಲಾಖೆಯ ವಿದ್ಯಾರ್ಥಿ ಮಾಹಿತಿ ತಂತ್ರಾಂಶ ಸ್ಯಾಟ್ಸ್‌ಗೆ ಏರಿಸುವ ಮಾಹಿತಿಯೂ ಅಲ್ಲ. ಯಾರಿಗೂ ತೋರಿಸಬೇಕಾಗಿಲ್ಲ, ಬೀಗದೊಳಗೆ ಇರಬೇಕು. ಪ್ರತಿ ಮಗುವಿಗೆ ಒಂದು ಪುಟ ಬಿಟ್ಟು ಇಷ್ಟನ್ನು ಬರೆದುಕೊಳ್ಳಿ: ಮನೆಯಲ್ಲಿ ಯಾರ ಜೊತೆ ಇದ್ದಾಳೆ, ಅಪ್ಪ ಅವ್ವ ಗುಳೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಎಷ್ಟು ಗಂಟೆಗೆ ಮನೆ ಬಿಡುತ್ತಾಳೆ, ಯಾವ ಬಸ್ಸು, ಬೆಳಿಗ್ಗೆ ಏನು ತಿಂದಳು, ಶಾಲೆ ಬಿಟ್ಟ ಮೇಲೆ ಏನು ಕೆಲಸ, ರಾತ್ರಿ ಓದಲು ಜಾಗ ಇದೆಯೇ. ಕೊನೆಯಲ್ಲಿ ಒಂದು ಪ್ರಶ್ನೆ: ‘ಏನಾದ್ರೂ ತ್ರಾಸ ಆದ್ರ ಯಾರಿಗೆ ಹೇಳ್ತಿ?’ ಇದಕ್ಕೆ ‘ಯಾರಿಗೂ ಇಲ್ರಿ ಸರ್’ ಎಂದು ಉತ್ತರ ಬಂದರೆ ಆ ಪುಟದ ಮೂಲೆ ಮಡಚಿಡಿ.

ಇಡೀ ತರಗತಿಯ ಮುಂದೆ ಕೇಳಿದರೆ ಎಲ್ಲರೂ ‘ಎಲ್ಲಾ ಚಲೋ ಐತ್ರಿ’ ಎನ್ನುತ್ತಾರೆ. ಊಟದ ಬಿಡುವಿನಲ್ಲಿ ದಿನಕ್ಕೆ ಮೂರು ನಾಲ್ಕು ಮಕ್ಕಳೊಡನೆ ಐದೈದು ನಿಮಿಷ ಕೂರಿ. 60 ಮಕ್ಕಳಿಗೆ ಮೂರು ವಾರ ಬೇಕಾಗುತ್ತದೆ.

ಆಮೇಲೆ ಸಿಬ್ಬಂದಿ ಸಭೆಯಲ್ಲಿ ಮಕ್ಕಳನ್ನು ಹಂಚಿಕೊಳ್ಳಿ, ಒಬ್ಬೊಬ್ಬರ ನಿಗಾದಲ್ಲಿ ಕೆಲವು ಮಕ್ಕಳು ಇರಲಿ. ನಮ್ಮಲ್ಲಿ ‘ದತ್ತು’ ಎಂಬ ಪದ್ಧತಿ ಮೊದಲಿನಿಂದ ಇದೆ, ಆದರೆ ಅದು ನವೆಂಬರ್‌ನಲ್ಲಿ, ಹತ್ತನೇ ತರಗತಿಗೆ, ಅದರಲ್ಲೂ ‘ಸಿ ಗ್ರೇಡ್’ ಮಕ್ಕಳಿಗೆ ಮಾತ್ರ. ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಜೂನ್‌ನಲ್ಲೇ, ಎಂಟನೇ ತರಗತಿಯಿಂದಲೇ, ಎಲ್ಲ ಮಕ್ಕಳನ್ನೂ ಹಂಚಿ. ಪಿಇ ಸರ್, ಕ್ಲರ್ಕ್, ಅತಿಥಿ ಶಿಕ್ಷಕರು ಎಲ್ಲರಿಗೂ ಪಾಲು ಇರಲಿ. ಮೂಲೆ ಮಡಚಿದ ಪುಟದ ಮಕ್ಕಳನ್ನು ಮಾತ್ರ ಲಾಟರಿಯಂತೆ ಹಂಚಬೇಡಿ, ಆ ಮಗು ಯಾರ ಹತ್ತಿರ ಸಲೀಸಾಗಿ ನಗುತ್ತದೋ ಅವರಿಗೇ ಕೊಡಿ. ನಮ್ಮ ಶಾಲೆಯಲ್ಲಿ ಒಂದು ಹುಡುಗಿಗೆ ಅಂಥವರು ಬಿಸಿಯೂಟದ ಅಡುಗೆ ಅಕ್ಕ ಆಗಿದ್ದರು. ನಮ್ಮ ಎಂಎ, ಬಿಎಡ್‌ಗಳಿಗೆ ಹೇಳದ್ದನ್ನು ಅವಳು ಅನ್ನ ಬಸಿಯುವ ಅಕ್ಕನಿಗೆ ಹೇಳಿದಳು.

ಜೂನ್, ಎರಡನೇ ವಾರ: ಓದಿಸಿ ನೋಡಿ

ಸೇತುಬಂಧ (ಹಿಂದಿನ ತರಗತಿಯ ಕಲಿಕೆಯನ್ನು ಜೋಡಿಸುವ ಪಾಠ) ಮಾಡುತ್ತೇವೆ, ಪೂರ್ವ ಪರೀಕ್ಷೆ ಬರೆಸುತ್ತೇವೆ, ಅಂಕ ತುಂಬುತ್ತೇವೆ. ಆದರೆ ಬರೆಯುವ ಪರೀಕ್ಷೆಯಲ್ಲಿ ಒಂದು ಮೋಸ ಇದೆ. ಓದಲು ಬಾರದ ಮಗು ಪಕ್ಕದವನನ್ನು ನೋಡಿ ಬರೆಯುತ್ತದೆ. ಎಂಟನೇ ತರಗತಿಗೆ ಬಂದ ಪ್ರತಿ ಮಗುವನ್ನೂ ಒಬ್ಬೊಬ್ಬರನ್ನಾಗಿ ಕರೆದು, ಐದನೇ ತರಗತಿಯ ಕನ್ನಡ ಪುಸ್ತಕದ ಒಂದು ಪ್ಯಾರಾ ಗಟ್ಟಿಯಾಗಿ ಓದಿಸಿ. ಐದು ವಾಕ್ಯ ಉಕ್ತಲೇಖನ ಕೊಡಿ. ದಶಕ ಎರವಲು ಪಡೆದು ಕಳೆಯುವ ಲೆಕ್ಕ ಒಂದು, ಭಾಗಾಕಾರ ಒಂದು, ಭಿನ್ನರಾಶಿ ಒಂದು. ಮಗುವೊಂದಕ್ಕೆ ಏಳೆಂಟು ನಿಮಿಷ.

ಒತ್ತಕ್ಷರ ಬಂದಲ್ಲಿ ನಿಂತುಬಿಡುವವರು, ಓದಿದರೂ ಅರ್ಥ ಹೇಳಲಾಗದವರು, ಸರಾಗ ಓದುವವರು ಎಂದು ಮೂರು ಗುಂಪು ತಾನಾಗಿ ಕಾಣುತ್ತದೆ. ಮೊದಲ ಗುಂಪಿಗೆ ವಿಜ್ಞಾನ, ಸಮಾಜದ ಪಾಠ ಎಷ್ಟು ಚೆನ್ನಾಗಿ ಮಾಡಿದರೂ ಕಲ್ಲಿನ ಮೇಲೆ ನೀರು ಸುರಿದಂತೆ. ಅವರಿಗೆ ದಿನಕ್ಕೆ 40 ನಿಮಿಷ, ಕನಿಷ್ಠ ಎರಡು ತಿಂಗಳು, ಓದು ಮಾತ್ರ. ಕಾಗುಣಿತದಿಂದಲೇ ಶುರು ಮಾಡಬೇಕಾದರೆ ನಾಚಿಕೆ ಬೇಡ. ಆದರೆ 14 ವರ್ಷದ ಹುಡುಗನಿಗೆ ‘ಅಗಸ, ಆಟ’ ಕೊಟ್ಟರೆ ಅವನು ಮುಖ ಎತ್ತುವುದಿಲ್ಲ. ಬಸ್ಸಿನ ಬೋರ್ಡು, ಗೊಬ್ಬರದ ಚೀಲದ ಮೇಲಿನ ಅಕ್ಷರ, ಕ್ರಿಕೆಟ್ ಸುದ್ದಿಯ ತಲೆಬರಹ ಕೊಡಿ. ಕ್ರಿಕೆಟ್ ಸುದ್ದಿ ಓದಲು ಒತ್ತಕ್ಷರ ಕಲಿತವರನ್ನು ನಾನು ಕಂಡಿದ್ದೇನೆ.

ಗುಂಪಿಗೆ ಹೆಸರಿಡಬೇಡಿ. ‘ಸಿ ಗ್ರೇಡಿನವರು ಎದ್ದು ನಿಲ್ರಿ’ ಎಂದ ದಿನವೇ ಆ ಗುಂಪು ಕಲಿಯುವುದನ್ನು ನಿಲ್ಲಿಸುತ್ತದೆ.

ಜುಲೈ: ಹೊಟ್ಟೆ, ಕಣ್ಣು, ಶೌಚಾಲಯ

ನಾನು ಕಂಡ ಅತಿ ಅಗ್ಗದ ಫಲಿತಾಂಶ ಸುಧಾರಣೆ ಎಂದರೆ ಹುಡುಗಿಯರ ಶೌಚಾಲಯದ ಬಾಗಿಲಿಗೆ ಒಳಚಿಲಕ. ಚಿಲಕ ಇರಲಿಲ್ಲ, ಹಾಗಾಗಿ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಮುಟ್ಟಿನ ದಿನಗಳಲ್ಲಿ ರಜೆ. ಯಾವ ಗಂಡು ಶಿಕ್ಷಕನಿಗೂ ಅವರು ಇದನ್ನು ಹೇಳುವುದಿಲ್ಲ. ಶಿಕ್ಷಕಿಯೊಬ್ಬರು ವಾರಕ್ಕೊಮ್ಮೆ ಶೌಚಾಲಯಕ್ಕೆ ಹೋಗಿ ಚಿಲಕ, ನೀರು, ಬಕೆಟ್, ಪ್ಯಾಡ್ ಹಾಕುವ ಡಬ್ಬಿ ನಾಲ್ಕನ್ನೂ ನೋಡಿ ಬರಲಿ. ಒಂದು ಕಪಾಟಿನಲ್ಲಿ ಪ್ಯಾಡ್ ಇಟ್ಟು, ಕೀಲಿಯನ್ನು ಹತ್ತನೇ ತರಗತಿಯ ಹುಡುಗಿಯೊಬ್ಬಳ ಕೈಗೆ ಕೊಡಿ.

ಕಣ್ಣು ಪರೀಕ್ಷೆಗೆ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡ ವರ್ಷಕ್ಕೊಮ್ಮೆ ಬರುತ್ತದೆ. ಅದಕ್ಕಾಗಿ ಕಾಯಬೇಡಿ. ಅಕ್ಷರ ಫಲಕವನ್ನು ಗೋಡೆಗೆ ಹಚ್ಚಿ ಆರು ಮೀಟರ್ ದೂರದಿಂದ ಒಂದೊಂದು ಕಣ್ಣು ಮುಚ್ಚಿಸಿ ಓದಿಸಿ, ಅನುಮಾನ ಬಂದವರ ಪಟ್ಟಿ ಮಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಿ. ‘ದಡ್ಡ’ ಎಂದು ಹಣೆಪಟ್ಟಿ ಹೊತ್ತವರಲ್ಲಿ ಒಬ್ಬಿಬ್ಬರಿಗೆ ಬೇಕಾಗಿದ್ದದ್ದು ಕನ್ನಡಕ ಎಂದು ಪ್ರತಿ ವರ್ಷ ಗೊತ್ತಾಗುತ್ತದೆ.

ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಬಾಯಲ್ಲಿ ಇಟ್ಟುಕೊಂಡು ಹೊರಗೆ ಉಗುಳುತ್ತಾರೆ. ಕಾರಣ ಖಾಲಿ ಹೊಟ್ಟೆಯಲ್ಲಿ ನುಂಗಿ ಒಮ್ಮೆ ವಾಂತಿ ಮಾಡಿಕೊಂಡದ್ದು. ಬಿಸಿಯೂಟ ಆದ ಮೇಲೆಯೇ ಕೊಡಿ, ನಿಮ್ಮೆದುರಿಗೇ ನುಂಗಿಸಿ, ಮಲ ಕಪ್ಪಾದರೆ ಹೆದರಬೇಡಿ ಎಂದು ಮೊದಲೇ ಹೇಳಿ, ಮಾತ್ರೆ ತಿಂದ ಗಂಟೆಯೊಳಗೆ ಚಹಾ ಬೇಡ ಎನ್ನಿ. ಶಿಕ್ಷಕರೂ ಅವರೊಡನೆ ಕೂತು ಊಟ ಮಾಡಿದರೆ ಯಾರು ಅನ್ನ ಬಿಡುತ್ತಿದ್ದಾರೆ, ಯಾರು ಮೂರು ಸಲ ಹಾಕಿಸಿಕೊಳ್ಳುತ್ತಿದ್ದಾರೆ ಕಾಣುತ್ತದೆ. ಮೂರನೆಯ ಸಲ ಕೈ ಚಾಚುವ ಮಗುವಿನ ಮನೆಯಲ್ಲಿ ರಾತ್ರಿ ಒಲೆ ಹತ್ತಿಲ್ಲ ಎಂದು ತಿಳಿಯಿರಿ.

ವರ್ಷವಿಡೀ: ಬಾರದ ಮಗುವಿನ ಹಿಂದೆ ಹೋಗುವುದು

ಇಡೀ ಕೆಲಸದಲ್ಲಿ ಒಂದನ್ನೇ ಮಾಡಲು ಸಮಯ ಇದೆ ಎಂದಾದರೆ ಇದನ್ನು ಮಾಡಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು 75 ಶೇಕಡಾ ಹಾಜರಿ ಬೇಕು ಎಂಬ ನಿಯಮ ಫೆಬ್ರುವರಿಯಲ್ಲಿ ನೆನಪಾಗುತ್ತದೆ. ಆಗ ಮಗು ಕೈಬಿಟ್ಟು ಹೋಗಿರುತ್ತದೆ.

ನಮ್ಮಲ್ಲಿ ಮಾಡಿಕೊಂಡ ನಿಯಮ ಹೀಗಿದೆ. ಹೇಳದೆ ಒಂದು ದಿನ ಬಾರದಿದ್ದರೆ ಅಂದು 11 ಗಂಟೆಯೊಳಗೆ ಮನೆಗೆ ಫೋನ್. ಎರಡನೇ ದಿನ ಅದೇ ಓಣಿಯ ಸಹಪಾಠಿಯಿಂದ ವಿಚಾರಣೆ. ಮೂರನೇ ದಿನ ಸಂಜೆ ಮನೆಗೆ ಹೋಗುವುದು. ಮನೆಗೆ ಹೋಗುವವರು ಆ ಮಗುವನ್ನು ಹಂಚಿಕೊಂಡವರೇ ಆಗಿರಲಿ. ಫೋನ್‌ನಲ್ಲಿ ‘ಯಾಕ ಕಳಿಸಿಲ್ಲ?’ ಎಂದು ಶುರು ಮಾಡಬೇಡಿ. ‘ಅಕ್ಕಾ, ನಿಮ್ಮ ಹುಡುಗ ಇವತ್ತ ಕಾಣಲಿಲ್ಲ, ಆರಾಮ ಅದಾನಿಲ್ಲೋ?’ ಎಂದರೆ ಮುಂದಿನ ಮಾತು ಬೇರೆಯೇ ಆಗುತ್ತದೆ.

ಗೈರಿಗೆ ಒಂದು ಆಕಾರ ಇರುತ್ತದೆ, ಅದನ್ನು ನೋಡಲು ಕಲಿಯಬೇಕು. ಒಂದೇ ವಾರದ ದಿನ ತಪ್ಪಿದರೆ ಸಂತೆ. ತಿಂಗಳಿಗೆ ಮೂರ‍್ನಾಲ್ಕು ದಿನ ಒಟ್ಟಿಗೆ ತಪ್ಪಿದರೆ ಮುಟ್ಟು. ಗಣಿತದ ಕಿರುಪರೀಕ್ಷೆಯ ದಿನವೇ ತಪ್ಪಿದರೆ ಭಯ, ಬಹುಶಃ ನನ್ನದೇ ಭಯ. ಆಗಸ್ಟ್‌ನಿಂದ ಅಕ್ಟೋಬರ್ ತನಕ ಬಿಡಿಬಿಡಿಯಾಗಿ ತಪ್ಪಿದರೆ ಹಾವೇರಿ, ಗದಗ, ಕೊಪ್ಪಳದ ಕಡೆ ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್ ಕೆಲಸ. ಹೂವಿಗೆ ಹೂವು ತಾಗಿಸಲು ಮಕ್ಕಳ ಬೆರಳು ಬೇಕು ಎಂದು ಕರೆದೊಯ್ಯುತ್ತಾರೆ. ದೀಪಾವಳಿಯ ಆಸುಪಾಸಿನಲ್ಲಿ ಒಮ್ಮೆಲೇ ಮಾಯವಾದರೆ ಕಬ್ಬು ಕಡಿಯಲು ಹೋದ ಕುಟುಂಬ. ಒಂದೊಂದಕ್ಕೂ ಮದ್ದು ಬೇರೆ. ಸಂತೆಗೆ ಹೋಗುವವನ ಅಪ್ಪನೊಡನೆ ಮಾತಾಡಿ, ಮಧ್ಯಾಹ್ನದ ಊಟದ ತನಕವಾದರೂ ಶಾಲೆಯಲ್ಲಿ ಇರಿಸಿಕೊಳ್ಳಬಹುದು. ಗುಳೆ ಹೋಗುವವರಿಗೆ ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ) ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸೀಟನ್ನು ಜುಲೈನಲ್ಲೇ ನೋಡಬೇಕು. ಅವರು ಟ್ರ್ಯಾಕ್ಟರ್ ಹತ್ತಿದ ಮೇಲೆ ಏನೂ ಆಗುವುದಿಲ್ಲ.

ಹುಡುಗಿ ತಪ್ಪಿ, ಮನೆಯವರು ‘ಬೀಗರ ಊರಿಗೆ ಹೋಗ್ಯಾಳ’ ಎಂದರೆ ಕಿವಿ ನೆಟ್ಟಗಾಗಬೇಕು. ಕರ್ನಾಟಕದಲ್ಲಿ ಬಾಲ್ಯವಿವಾಹ ಕಾನೂನಿನ ಕಣ್ಣಿಗೆ ಮೊದಲಿನಿಂದಲೇ ಅನೂರ್ಜಿತ, ಮದುವೆಯೇ ಅಲ್ಲ. ಸಕ್ಕರೆ ಶಾಸ್ತ್ರ (ನಿಶ್ಚಿತಾರ್ಥ) ಆಗುವ ಮೊದಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರೆ ಮಾಡಿದ್ದು ಯಾರೆಂದು ಊರಿಗೆ ಗೊತ್ತಾಗಬೇಕಿಲ್ಲ.

ವಿದ್ಯಾರ್ಥಿವೇತನದ ಕೆಲಸವೂ ಹಾಜರಿಯದೇ ಕೆಲಸ. ಎಂಟನೇ ತರಗತಿಯ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ ಮಗುವಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಅಷ್ಟು ದುಡ್ಡು ಬರುವ ಮಗುವನ್ನು ಹೊಲಕ್ಕೆ ಕಳಿಸುವ ಮುನ್ನ ಅಪ್ಪ ಎರಡು ಸಲ ಯೋಚಿಸುತ್ತಾನೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರ ಮತ್ತು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಇಲ್ಲೇ ಅರ್ಧ ಮಕ್ಕಳು ಎಡವುವುದು. ಒಂದು ಶನಿವಾರ ಈ ಕಾಗದಗಳಿಗೇ ಮೀಸಲಿಡಿ.

ಕೇಳಿಸಿಕೊಳ್ಳುವುದು

ಶಾಲೆಗೊಬ್ಬ ಆಪ್ತಸಮಾಲೋಚಕ ಇರಬೇಕು ಎಂಬುದು ಹಳೆಯ ಬೇಡಿಕೆ. 100ಕ್ಕಿಂತ ಕಡಿಮೆಯಿಲ್ಲದಷ್ಟು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ತರಬೇತಾದ ಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟ್ ಕೂಡ 2025ರ ಜುಲೈನಲ್ಲಿ ಹೇಳಿತು. ಅವರು ನಮ್ಮೂರಿಗೆ ಬರುವ ತನಕ ಕೆಲಸ ನಮ್ಮದು. ನಾವು ವೈದ್ಯರಲ್ಲ. ಗಮನಿಸುವುದು, ಕೇಳುವುದು, ಸರಿಯಾದವರಿಗೆ ಒಪ್ಪಿಸುವುದು, ಇಷ್ಟೇ ನಮ್ಮ ಪಾಲು.

ಗಮನಿಸಬೇಕಾದದ್ದು ಬದಲಾವಣೆಯನ್ನು. ಯಾವಾಗಲೂ ಸುಮ್ಮನಿರುವವಳು ಸುಮ್ಮನಿದ್ದರೆ ಚಿಂತೆಯಿಲ್ಲ. ಮಾತಾಡುತ್ತಿದ್ದವಳು ಎರಡು ವಾರ ಸುಮ್ಮನಾದರೆ, ಅಚ್ಚುಕಟ್ಟಾಗಿ ಬರೆಯುತ್ತಿದ್ದವನ ಅಕ್ಷರ ಕೆಟ್ಟರೆ, ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿ ಬಂದರೆ, ಗೆಳತಿಯರಿಗೆ ತನ್ನ ಪೆನ್ನು, ಬಳೆ ಹಂಚಿದರೆ, ಆಗ ಕರೆಯಿರಿ.

ಕರೆದಾಗ ಮೇಜಿನ ಆಚೆ ಈಚೆ ಕೂರಬೇಡಿ. ಶಾಲೆಯ ಗಿಡಗಳಿಗೆ ನೀರು ಹಾಕುತ್ತ, ಕಾರಿಡಾರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ, ಬೇರೆಯವರಿಗೆ ಕೇಳದ ಹಾಗೆ ನಿಂತು ಮಾತಾಡಿ. ‘ಈಗೀಗ ನೀ ಸಪ್ಪಗ ಅದಿ ಅನಸ್ತದ, ತಂಗಿ. ಹೇಳಬೇಕು ಅನಿಸಿದ್ರ ಹೇಳು, ಇಲ್ಲಂದ್ರ ನಾಳೆ ಕೇಳ್ತೀನಿ.’ ಮತ್ತೆ ಮರುದಿನ ಕೇಳಲೇಬೇಕು. ಹೇಳಲು ಶುರು ಮಾಡಿದರೆ ಮಧ್ಯೆ ಬಾಯಿ ಹಾಕಬೇಡಿ. ‘ನಾವು ನಿನ್ನ ವಯಸ್ಸಿನಾಗ ಚಿಮಣಿ ದೀಪದಾಗ ಓದಿದ್ವಿ’ ಎಂಬ ಮಾತು ನಮ್ಮೆಲ್ಲರ ನಾಲಿಗೆಯ ತುದಿಯಲ್ಲೇ ಇರುತ್ತದೆ, ನುಂಗಿಕೊಳ್ಳಿ. ‘ಯಾರಿಗೂ ಹೇಳೂದಿಲ್ಲ’ ಎಂದು ಆಣೆ ಮಾಡಬೇಡಿ. ‘ನಿನಗ ಅಪಾಯ ಇದ್ರ ಸಹಾಯ ಮಾಡವ್ರಿಗೆ ಮಾತ್ರ ಹೇಳ್ತೀನಿ, ಹೇಳೂ ಮೊದಲು ನಿನಗ ತಿಳಿಸ್ತೀನಿ’ ಎನ್ನಿ.

ಸಾಯುವ ಮಾತು ಬಂದರೆ, ಅಥವಾ ಬರಬಹುದು ಎನಿಸಿದರೆ, ನೇರವಾಗಿ ಕೇಳಿ: ‘ಜೀವ ಕಳಕೋಬೇಕು ಅಂತ ಅನಿಸೇತೇನು?’ ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೌದು ಎಂದರೆ ಆ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ, ಬಸ್ಸಿಗೂ ಒಬ್ಬಳನ್ನೇ ಕಳಿಸಬೇಡಿ. ಮನೆಯವರನ್ನು ಕರೆಸಿ, ಹೊಲಕ್ಕೆ ಸಿಂಪಡಿಸುವ ಎಣ್ಣೆಯ (ಕೀಟನಾಶಕದ) ಡಬ್ಬಿ ಮನೆಯಿಂದ ಹೊರಗೆ ಹೋಗಲಿ, ಇಲ್ಲವೇ ಬೀಗದೊಳಗೆ ಇರಲಿ ಎಂದು ಸ್ಪಷ್ಟವಾಗಿ ಹೇಳಿ. ಹಳ್ಳಿಯಲ್ಲಿ ಇದೊಂದು ಮಾತು ಜೀವ ಉಳಿಸುತ್ತದೆ. ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯ ಹಿಂದೆ ನಿಮ್ಹಾನ್ಸ್ ಇದೆ. ಮನೆಯವರ ಮುಂದೆಯೇ ಕರೆ ಮಾಡಿ, ಸ್ಪೀಕರ್ ಹಾಕಿ. ಜಿಲ್ಲಾ ಮಾನಸಿಕ ಆರೋಗ್ಯ ತಂಡವೂ ಇದೆ. ದೇಶಕ್ಕೆಲ್ಲ ಹರಡಿದ ಆ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದೇ ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರ ಯಾವುದು ಎಂದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ದಾರಿ ಒಂದೇ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ ಶಿಕ್ಷೆ ನಮಗೇ. ನಾವೇ ವಿಚಾರಣೆ ಮಾಡುವುದು, ಮಗುವಿನಿಂದ ಮತ್ತೆ ಮತ್ತೆ ಹೇಳಿಸುವುದು, ಆರೋಪಿಯನ್ನು ಕರೆಸಿ ‘ಕೂಡಿ ಬಗೆಹರಿಸುವುದು’ ಯಾವುದೂ ಬೇಡ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಡಿ. ಹೆಸರು ಸಿಬ್ಬಂದಿ ಕೋಣೆಯ ಚಹಾದ ಮಾತಾಗಬಾರದು. ಆರೋಪ ಸಿಬ್ಬಂದಿಯ ಮೇಲೇ ಬಂದರೂ ನಿಯಮ ಅದೇ.

ಹೊಡೆಯುವ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಬಿಟ್ಟವರು ಬಹಳ ಜನ ನಾಲಿಗೆ ಬಿಟ್ಟಿಲ್ಲ.

ಆಗಸ್ಟ್‌ನಿಂದ ಜನವರಿ: ಓದಿನ ಕೆಲಸ

ಪ್ರತಿ ಪೀರಿಯಡ್‌ನ ಮೊದಲ ಐದು ನಿಮಿಷ ಮೂರು ಪ್ರಶ್ನೆ: ನಿನ್ನೆಯದೊಂದು, ಹೋದ ವಾರದ್ದೊಂದು, ಎರಡು ತಿಂಗಳ ಹಿಂದಿನದೊಂದು. ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಬೇಕು. ಅಂಕವಿಲ್ಲ, ತಪ್ಪನ್ನು ತಾವೇ ತಿದ್ದಿಕೊಳ್ಳುವುದು. ಐದು ಸಲ ಓದುವುದಕ್ಕಿಂತ ಎರಡು ಸಲ ಓದಿ ಮೂರು ಸಲ ನೋಡದೆ ಬರೆದರೆ ಹೆಚ್ಚು ಉಳಿಯುತ್ತದೆ. ನಮ್ಮ ಮಕ್ಕಳು ತದ್ವಿರುದ್ಧ ಮಾಡುತ್ತಾರೆ. ಗೈಡಿನಿಂದ ನೋಟ್‌ಬುಕ್ಕಿಗೆ ನಕಲು ಇಳಿಸಿ ‘ಓದಿದ್ವಿ’ ಎನ್ನುತ್ತಾರೆ. ನಾವೂ ಕೆಂಪು ಟಿಕ್ ಹಾಕುತ್ತೇವೆ.

ರೂಪಣಾತ್ಮಕ ಪರೀಕ್ಷೆಯ ಉತ್ತರ ಪತ್ರಿಕೆಯನ್ನು ಅಂಕಕ್ಕಿಂತ ತಪ್ಪಿಗಾಗಿ ನೋಡಿ. ನನ್ನ ತರಗತಿಯಲ್ಲಿ ಬೀಜಗಣಿತದ ತಪ್ಪುಗಳನ್ನು ಒಮ್ಮೆ ಎಣಿಸಿದಾಗ ಬಹುಪಾಲು ಬೀಜಗಣಿತದ್ದೇ ಅಲ್ಲ, ಋಣ ಚಿಹ್ನೆಯ ತಪ್ಪು. ಎರಡು ವಾರ ಕೂಡಿಸು ಕಳೆಯುವುದನ್ನೇ ಮಾಡಿಸಿದೆ, ಸಾಲ ಮತ್ತು ಉಳಿತಾಯದ ಲೆಕ್ಕದಲ್ಲಿ. ಸ್ವಸಹಾಯ ಸಂಘದ ಸಾಲ ಎಲ್ಲರ ಮನೆಯಲ್ಲೂ ಇದೆ, ಋಣ ಸಂಖ್ಯೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಗುಂಪು ಅಧ್ಯಯನ ಒಳ್ಳೆಯದು, ಆದರೆ ಐದು ಜನಕ್ಕಿಂತ ಹೆಚ್ಚಾದರೆ ಹರಟೆ. ಓಣಿಯ ಪ್ರಕಾರ ಗುಂಪು ಮಾಡಿ, ಹುಡುಗಿಯರು ಕತ್ತಲಾಗುವ ಮೊದಲು ಮನೆ ಸೇರುವಂತಿರಲಿ. ಸಂಜೆಯ ವಿಶೇಷ ತರಗತಿ ಕೊನೆಯ ಬಸ್ಸನ್ನು ತಪ್ಪಿಸುವುದಾದರೆ ಅದನ್ನು ಬೆಳಿಗ್ಗೆಗೆ ಹಾಕಿ, ಇಲ್ಲವೇ ಡಿಪೊ ಮ್ಯಾನೇಜರರಿಗೆ ಎಸ್‌ಡಿಎಂಸಿಯಿಂದ ಪತ್ರ ಬರೆಸಿ. ಆಟದ ಪೀರಿಯಡ್ ಕಿತ್ತುಕೊಳ್ಳಬೇಡಿ. ಗಣಿತದವರು ಮೊದಲು ಕೈ ಹಾಕುವುದು ಅದಕ್ಕೇ, ನಾನೂ ಹಾಕಿದ್ದೇನೆ. ದಿನವಿಡೀ ಬೈಸಿಕೊಂಡ ಹುಡುಗ ಗೆಲ್ಲುವ ಒಂದೇ ಜಾಗ ಆ ಕಬಡ್ಡಿ ಅಂಕಣ.

ಫೆಬ್ರುವರಿ, ಮಾರ್ಚ್: ಹತ್ತನೇ ತರಗತಿ

ಬೆಳಿಗ್ಗೆ ನಾಲ್ಕೂವರೆಗೆ ಮಕ್ಕಳ ಮನೆಗೆ ಮಿಸ್ಡ್ ಕಾಲ್ ಕೊಟ್ಟು ಎಬ್ಬಿಸುವ ಪದ್ಧತಿ ನಮ್ಮಲ್ಲಿ ಜನಪ್ರಿಯ, ಪತ್ರಿಕೆಯಲ್ಲೂ ಹೊಗಳಿ ಬರೆಯುತ್ತಾರೆ. ನಾನೂ ಮೂರು ವರ್ಷ ಮಾಡಿ ಬಿಟ್ಟೆ. ಹದಿಹರೆಯದ ಮಗುವಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ 11ಕ್ಕೆ ಮಲಗಿ ನಾಲ್ಕೂವರೆಗೆ ಎದ್ದವನು ನನ್ನ ಎರಡನೇ ಪೀರಿಯಡ್‌ನಲ್ಲಿ ಕಣ್ಣು ತೆರೆದೇ ಮಲಗಿರುತ್ತಿದ್ದ. ಈಗ ರಾತ್ರಿ ಒಂಬತ್ತೂವರೆಗೆ ಪಾಲಕರಿಗೆ ಮೆಸೇಜು ಹಾಕುತ್ತೇನೆ: ‘ಫೋನ್ ಅಡುಗೆಮನೆಯಲ್ಲಿಡಿ, ಮಗು ಮಲಗಲಿ.’

ಫೇಲಾಗುವ ಭಯ ಇರುವವರಿಗೆ ಪಾಸಿಂಗ್ ಪ್ಯಾಕೇಜ್ ಕೊಡಿ, ಅದರಲ್ಲಿ ನಾಚಿಕೆಯೇನಿಲ್ಲ. ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ, ವಿಜ್ಞಾನದ ಚಿತ್ರಗಳು, ಥೇಲ್ಸ್ ಪ್ರಮೇಯ, ಸರಾಸರಿ ಮಧ್ಯಾಂಕ ಬಹುಲಕ, ಪತ್ರ ಬರವಣಿಗೆ ಇಷ್ಟನ್ನು ಗಟ್ಟಿ ಮಾಡಿಸಿದರೆ ಮಗುವಿಗೆ ಕಾಲೂರಲು ನೆಲ ಸಿಗುತ್ತದೆ. ಆದರೆ ಒಂಬತ್ತನೇ ತರಗತಿಯಿಂದಲೇ ಪ್ಯಾಕೇಜ್ ಕೊಟ್ಟು ಪಾಠವನ್ನೇ ಬಿಡುವವರನ್ನು ನಾನು ಒಪ್ಪುವುದಿಲ್ಲ. 2024ರಲ್ಲಿ ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್ ಬಂದಾಗ ಅಂಥ ಓದು ಎಷ್ಟು ತೆಳುವಾಗಿತ್ತೆಂದು ಎಲ್ಲರಿಗೂ ಕಂಡಿತು.

ಸಿದ್ಧತಾ ಪರೀಕ್ಷೆಯನ್ನು ಒಂದು ದಿನವಾದರೂ ಪರೀಕ್ಷಾ ಕೇಂದ್ರದ ಹಾಗೆಯೇ ನಡೆಸಿ: ಬೇರೆ ಕೋಣೆ, ಅಪರಿಚಿತ ಮೇಲ್ವಿಚಾರಕರು, ಕ್ಯಾಮೆರಾ. ಮೊದಲ ಹತ್ತು ನಿಮಿಷದಲ್ಲಿ ಕೈ ನಡುಗುವವರು ಯಾರೆಂದು ಕಾಣುತ್ತದೆ. ಅವರಿಗೆ ಗೊತ್ತಿರುವ ಪ್ರಶ್ನೆಯಿಂದಲೇ ಶುರು ಮಾಡಲು, ನಡುಕ ಬಂದರೆ ಪೆನ್ನು ಕೆಳಗಿಟ್ಟು ಉಸಿರನ್ನು ನಿಧಾನವಾಗಿ ಬಿಡಲು ಅಭ್ಯಾಸ ಮಾಡಿಸಿ.

ಫಲಿತಾಂಶದ ದಿನ

ಶಾಲೆಗೆ ರಜೆ ಇದ್ದರೂ ಅಂದು ಶಿಕ್ಷಕರೆಲ್ಲ ಕೆಲಸದಲ್ಲೇ ಇರಬೇಕು. ಮೊದಲ ಫೋನ್ ಶಾಲೆಗೇ ಮೊದಲ ಸ್ಥಾನ ಪಡೆದವಳಿಗೆ ಅಲ್ಲ, ಫೇಲಾದವರಿಗೆ. ಫಲಿತಾಂಶ ಬಂದ ಅರ್ಧ ಗಂಟೆಯೊಳಗೆ ಹಂಚಿಕೊಂಡ ಶಿಕ್ಷಕರು ತಮ್ಮ ಪಾಲಿನ ಮಕ್ಕಳಿಗೆ ಕರೆ ಮಾಡಿ, ಅಪ್ಪನ ಕೈಗೂ ಫೋನ್ ಕೊಡಿಸಿ ಮಾತಾಡಬೇಕು. ಹೇಳಬೇಕಾದದ್ದು ಮೂರೇ ಮಾತು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಎರಡನೆಯದು ಕೆಲವೇ ವಾರದಲ್ಲಿ ಬರುತ್ತದೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ನಾಳೆ ಹತ್ತಕ್ಕೆ ಶಾಲೆಗೆ ಬಾ, ಅರ್ಜಿ ನಾನೇ ತುಂಬುತ್ತೇನೆ. ಇವತ್ತು ಅವನನ್ನು ಬೈಯಬೇಡಿ, ಒಂಟಿಯಾಗಿ ಬಿಡಬೇಡಿ. ಫೋನ್ ಎತ್ತದವರ ಮನೆಗೆ ಬೈಕ್ ಹತ್ತಿ ಹೊರಡಿ.

ಜೂನ್ ಬಂದಾಗ ಹಳೆಯ ನೋಟ್‌ಬುಕ್ ಮತ್ತೊಮ್ಮೆ ತೆಗೆದು ಪ್ರತಿ ಪುಟದ ಕೆಳಗೆ ಒಂದು ಸಾಲು ಬರೆಯಿರಿ: ಪಿಯುಸಿ, ಐಟಿಐ, ಡಿಪ್ಲೊಮಾ, ಎರಡನೇ ಪರೀಕ್ಷೆ, ಮನೆಯಲ್ಲಿ. ‘ಮನೆಯಲ್ಲಿ’ ಎಂದು ಬರೆದ ಪುಟಗಳನ್ನು ಎಣಿಸಿ. ಹೊಸ ನೋಟ್‌ಬುಕ್ ಶುರು ಮಾಡುವ ವಾರದಲ್ಲೇ ಆ ಮನೆಗಳಿಗೂ ಹೋಗಿ ಬನ್ನಿ, ಪಿಯು ಕಾಲೇಜಿನ ಪ್ರವೇಶಕ್ಕೆ ಇನ್ನೂ ಸಮಯ ಇರುತ್ತದೆ.